ಅಕ್ಕಿಆಲೂರಿನ ಹಾಯಿದೋಣಿ ಮತ್ತು ಅದರ ಐಬುಗಳು

ಕಳೆದ ವಾರ ಒಂದು ಹಳೆಯ ಕಾಗದ ಹುಡುಕಲು ಅಂಗಡಿಯ ಮೇಜಿನ ಕೆಳಗಿನ ಡ್ರಾ ಎಳೆದೆ. ಕಾಗದಕ್ಕಿಂತ ಮೊದಲು ಹಗ್ಗ ಸಿಕ್ಕಿತು. ಹೆಬ್ಬೆರಳು ದಪ್ಪದ ಹಗ್ಗ, ಎಂದೋ ಬಿಳಿಯಾಗಿದ್ದದ್ದು. ಅಚ್ಚುಕಟ್ಟಾಗಿ ಸುರುಳಿ ಸುತ್ತಿ, ಎಳೆ ಬಿಚ್ಚದಂತೆ ಎರಡೂ ತುದಿಗೆ ಮೇಣ ಹಚ್ಚಿದ ದಾರ ಬಿಗಿದಿತ್ತು. ಮೂಗಿನ ಹತ್ತಿರ ತಂದೆ. ಉಪ್ಪು, ಜೇನುಮೇಣ, ಹಸಿ ಗೋಣಿಚೀಲ, ಅವೆಲ್ಲದರ ಹಿಂದೆ ಎಲ್ಲೋ ಮಿಲ್ಲಿನಲ್ಲಿ ಕುದಿಸಿದ ಭತ್ತದ ವಾಸನೆ... ಅಂಗಡಿಗೆ ಬಂದಿದ್ದ ಹೆಣ್ಣುಮಗಳೊಬ್ಬಳು ಆಧಾರ್ ಕಾರ್ಡಿನ ಝೆರಾಕ್ಸ್ ಕೇಳುತ್ತಲೇ ಇದ್ದಳು. ನನಗೆ ಕೇಳಿಸಿದ್ದು ಸ್ವಲ್ಪ ತಡವಾಗಿ.

ಅಕ್ಕಿಆಲೂರಿನ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ. ಪಿಯುಸಿ ಮುಗಿದ ಮೇಲೆ ಮುಂದೆ ಓದಲಾಗಲಿಲ್ಲ, ಇದನ್ನೇ ಹಿಡಿದೆ. ಪಕ್ಕದ ಅಂಗಡಿ ತಾಡಪತ್ರಿ ಹೊಲಿಯುವವರದು. ಲಾರಿಗೆ ಹೊದಿಸುವ, ಭತ್ತ ಒಣಗಿಸಲು ಹಾಸುವ ತಾಡಪತ್ರಿಗಳನ್ನು ಅವರು ಹೊಲಿಯುತ್ತಿದ್ದರು, ಹರಿದವನ್ನು ತೇಪೆ ಹಾಕುತ್ತಿದ್ದರು. ಊರೆಲ್ಲ ಅವರನ್ನು ಚಾಚಾ ಅನ್ನುತ್ತಿತ್ತು, ನಾನೂ ಹಾಗೇ ಅಂದೆ. ಮೂಲ ಸವಣೂರಿನವರು. ಅವರ ತಂದೆ ದನದ ಸಂತೆಯಲ್ಲಿ ದಲಾಲರಾಗಿದ್ದರಂತೆ. ಚಾಚಾ ಮಾತ್ರ ಹರೆಯದಲ್ಲೇ ಘಟ್ಟ ಇಳಿದು, ಸಮುದ್ರದ ದಂಡೆಯಲ್ಲಿ ದೋಣಿಗಳ ಹಾಯಿ ಹೊಲಿಯುತ್ತ ಮೂವತ್ತು ವರ್ಷ ಕಳೆದಿದ್ದರು. ಹೊಲಿಯುವಾಗ ಬಲ ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಅದರ ನಡುವಿನ ಕಬ್ಬಿಣದ ಬಿಲ್ಲೆಯಿಂದ ಸೂಜಿ ಒತ್ತಿದರೆ ಎಂಥ ದಪ್ಪ ಬಟ್ಟೆಯೂ ದಾರಿ ಬಿಡುತ್ತಿತ್ತು.

ಊರಿಗೆ ಮರಳುವಾಗ ಅವರು ಒಬ್ಬರೇ ಬರಲಿಲ್ಲ. ಒಂದು ಹಾಯಿದೋಣಿಯನ್ನೂ ತಂದರು.

ಇಪ್ಪತ್ತಾರು ಅಡಿಯ ಮರದ ದೋಣಿ. ಒಂದು ಕಂಬ, ಎರಡು ಹಾಯಿ, ಒಳಗೆ ಇಬ್ಬರು ಮಲಗುವಷ್ಟು ಕೋಣೆ, ದೋಣಿ ಎಷ್ಟೇ ಓಲಾಡಿದರೂ ಚಹಾ ಚೆಲ್ಲದಂತೆ ತೂಗುಹಾಕಿದ ಸಣ್ಣ ಒಲೆ. ಅದರಲ್ಲಿ ದಂಡೆ ಹಿಡಿದು ದಿನಗಟ್ಟಲೆ ಊರಿಂದೂರಿಗೆ ಹೋಗುತ್ತಿದ್ದ ವಯಸ್ಸಾದ ಮಾಲೀಕರು, ತಮಗೆ ಆಗದಾದಾಗ ಚಾಚಾನ ಹೆಸರಿಗೆ ಬರೆದುಕೊಟ್ಟಿದ್ದರು. ನಿಲ್ಲಿಸಿದ್ದ ಜಾಗ ಖಾಲಿ ಮಾಡಬೇಕಾಗಿ ಬಂದಾಗ, ಚಾಚಾ ಅದನ್ನು ಲಾರಿಯ ಮೇಲೆ ಹೇರಿ ಘಟ್ಟ ಹತ್ತಿಸಿದರು. ಒಂದು ವರ್ಷ ಇಲ್ಲಿಟ್ಟು ರಿಪೇರಿ ಮಾಡಿ ತಿರುಗಿ ಒಯ್ಯುವುದು ಅವರ ಲೆಕ್ಕ. ಮೊಣಕಾಲು ಒಪ್ಪಲಿಲ್ಲ. ರೈಸ್‌ಮಿಲ್ಲಿನ ಹಿಂದಿನ ಬೇವಿನ ಮರದ ಕೆಳಗೆ, ಲಾರಿಯ ಹಳೇ ಟೈರುಗಳ ಮೇಲೆ ದೋಣಿ ಕೂತೇಬಿಟ್ಟಿತು.

ಮರದ ದೋಣಿಗೆ ನೀರಿಲ್ಲದಿದ್ದರೆ ಹಲಗೆ ಒಣಗಿ ಸಂದು ಬಿಡುತ್ತವೆ. ಹಾಗಾಗಿ ಚಾಚಾ ಮಿಲ್ಲಿನಿಂದ ಹಳೇ ಗೋಣಿಚೀಲ ತಂದು ದೋಣಿಯ ಮೈಗೆಲ್ಲ ಹೊದಿಸಿ, ಬೆಳಿಗ್ಗೆ ಸಂಜೆ ಕೊಡದಿಂದ ನೀರು ಹಾಕುತ್ತಿದ್ದರು. ಬರೀ ನೀರಿಗೆ ಮರ ಕೊಳೆಯುತ್ತದೆ ಎಂದು ಸಂತೆಯಿಂದ ಹರಳುಪ್ಪು ತಂದು ಕರಗಿಸುತ್ತಿದ್ದರು. ಮಿಲ್ಲಿನ ಹಮಾಲರು ಬೀಡಿ ಹಚ್ಚುತ್ತ ಅದನ್ನೇ ನೋಡುತ್ತ ನಿಲ್ಲುತ್ತಿದ್ದರು.

"ಚಾಚಾ, ಉಪ್ಪಿನಕಾಯಿ ಹಾಕಾಕತ್ತೀರೇನ್ರಿ?"

"ಹೂಂ. ಖಾರ ನಿನ್ನ ನಾಲಿಗಿದು ಸಾಕು, ಅದಕ್ಕ ತಂದಿಲ್ಲ."

ಬೇಸಿಗೆ ಬಂದರೆ ಓಣಿಯ ಹೆಣ್ಣುಮಕ್ಕಳು ದೋಣಿಯ ಮೇಲ್ಹಲಗೆಯಲ್ಲಿ ಸಂಡಿಗೆ ಇಡುತ್ತಿದ್ದರು. ಬೆಕ್ಕು ನಾಯಿ ಹತ್ತುವುದಿಲ್ಲ, ಬಿಸಿಲು ಚೆನ್ನಾಗಿ ಬೀಳುತ್ತದೆ. ಚಾಚಾ ಬೇಡವೆನ್ನಲಿಲ್ಲ. ಚಪ್ಪಲಿ ಮಾತ್ರ ಕೆಳಗೆ ಬಿಡಿಸುತ್ತಿದ್ದರು. ನಮ್ಮ ಅವ್ವನೂ ಅಲ್ಲೇ ಇಡುತ್ತಿದ್ದಳು. ಆ ವರ್ಷಗಳ ಸಂಡಿಗೆಗೆ ಉಪ್ಪು ಒಂದು ಕೈ ಹೆಚ್ಚೇ ಇರುತ್ತಿತ್ತು ಅಂತ ನನಗೆ ಈಗಲೂ ಅನುಮಾನ.

ಒಂದು ಚೈತ್ರದಲ್ಲಿ ಚಾಚಾ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತರು. ಚಹಾ ಬಂದರೂ ಮುಟ್ಟಲಿಲ್ಲ.

"ಬೇಟಾ, ಮಾರಾಕ ಐತಿ ಅಂತ ಬರಿ."

"ಏನ್ರಿ?"

"ದೋಣಿ. ಕೊಡ ಎತ್ತಾಕ ಆಗವಲ್ದು ನನಗ. ಇನ್ನೊಂದು ಬ್ಯಾಸಗಿ ತಡಿಯೂದಿಲ್ಲ ಅದು. ಮಳಿಗಾಲಕ್ಕ ಮೊದ್ಲು ನೀರಿನ ದಂಡಿಗೆ ಹೋಗಬೇಕು."

ನಾನು ಕಂಪ್ಯೂಟರಿನ ಮುಂದೆ ಕುಳಿತೆ. ಬೈಕು, ಟ್ರ್ಯಾಕ್ಟರು, ಸೈಟುಗಳ ಜಾಹೀರಾತು ಬರೆದು ಕೈ ಪಳಗಿತ್ತು. ಎಷ್ಟು ಅಡಿ, ಎಂಜಿನ್ ಯಾವುದು ಎಂದು ಕೇಳತೊಡಗಿದೆ. ಚಾಚಾ ಕೈ ಅಡ್ಡ ಹಿಡಿದರು.

"ಮೊದ್ಲು ಐಬು ಬರಿ."

ಅವರ ತಂದೆ ಸಂತೆಯಲ್ಲಿ ಹಾಗೇ ಮಾಡುತ್ತಿದ್ದರಂತೆ. ಹೋರಿಯ ಹಗ್ಗ ಹಿಡಿದು ನಿಂತು, ಯಾರಾದರೂ ಹತ್ತಿರ ಬಂದ ಕೂಡಲೇ ಇದು ಒದೆಯುತ್ತದೆ, ಬಲ ನೊಗಕ್ಕೆ ಬಗ್ಗುವುದಿಲ್ಲ, ಕೆಂಪು ಸೀರೆ ಕಂಡರೆ ಹಾಯುತ್ತದೆ ಎಂದು ಐಬುಗಳನ್ನೆಲ್ಲ ಗಟ್ಟಿಯಾಗಿ ಹೇಳಿ, ಆಮೇಲೆ ಅದರ ಗುಣ. ಐಬು ಕೇಳಿಯೂ ನಿಂತವನೇ ನಿಜವಾದ ಗಿರಾಕಿ. ಅವನ ಜೊತೆಗೇ ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಗುಟ್ಟಾಗಿ ರೇಟು ಮಾತಾಡುವುದು.

ಚಾಚಾ ಹೇಳುತ್ತ ಹೋದರು. ನಾನು ಒಂದು ಚೀಟಿಯಲ್ಲಿ ಗುರುತು ಮಾಡಿಕೊಂಡೆ. ನೀರಿಗಿಳಿಸಿದ ಮೊದಲ ಮೂರು ದಿನ ದೋಣಿ ನೀರು ಕುಡಿಯುತ್ತದೆ, ಹಲಗೆ ಉಬ್ಬಿದ ಮೇಲೆ ನಿಲ್ಲುತ್ತದೆ. ಚುಕ್ಕಾಣಿಯ ಬುಡದಲ್ಲಿ ಸೋರುವುದು ಮಾತ್ರ ಎಂದೂ ನಿಲ್ಲುವುದಿಲ್ಲ, ದಿನಕ್ಕೊಂದು ಬಕೆಟ್ಟು. ಕಡಿಮೆ ಗಾಳಿಯಲ್ಲಿ ಸೋಮಾರಿ. ತಿರುಗಿಸಿದರೆ ಬೇಗ ತಿರುಗುವುದಿಲ್ಲ, ಅರ್ಧಕ್ಕೆ ನಿಂತುಬಿಡುತ್ತದೆ, ಮುಂದಿನ ಹಾಯಿಯನ್ನು ಗಾಳಿಗೆ ಎದುರು ಹಿಡಿದು ನೂಕಬೇಕು. ಎಂಜಿನ್ ಮೇಲೆ ಹಿಂದಕ್ಕೆ ಬಂದರೆ ಎಡಕ್ಕೆ ಎಳೆಯುತ್ತದೆ. ಮೊದಲ ಗಾಳಿಗೆ ಹೆದರಿದಂತೆ ವಾಲುತ್ತದೆ, ಹೊಸಬರು ಕಿರಚುತ್ತಾರೆ. ಆದರೆ ಅಷ್ಟು ವಾಲಿದ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ, ಮತ್ತೆ ಎಷ್ಟು ಬೀಸಿದರೂ ಅಲ್ಲಿಂದ ಕದಲುವುದಿಲ್ಲ.

"ಇನ್ನೊಂದೈತಿ. ಗಾಳಿ ಜೋರಿದ್ದಾಗ ಮೂತಿ ಗಾಳಿ ಕಡೆ ಎಳೀತೈತಿ. ಚುಕ್ಕಾಣಿ ಹಿಡಿದವಗ ರಟ್ಟಿ ನೋಯ್ತೈತಿ."

"ಅದೂ ಐಬೇನ್ರಿ?"

ಚಾಚಾ ಮೊಣಕಾಲು ನೀವಿಕೊಂಡರು. "ಒಮ್ಮೆ ಇದರ ಮೊದಲಿನ ಮಾಲಕರು, ನಮ್ಮ ಸಾಹೇಬರು, ಜಾರಿ ನೀರಿಗೆ ಬಿದ್ರು. ದೋಣ್ಯಾಗ ಮತ್ತ ಯಾರೂ ಇದ್ದಿದ್ದಿಲ್ಲ. ಬ್ಯಾರೆ ದೋಣಿ ಆಗಿದ್ರ ಅವರನ್ನ ಬಿಟ್ಟು ಹೋಗ್ತಿತ್ತು. ಇದು ಚುಕ್ಕಾಣಿ ಮ್ಯಾಲಿನ ಕೈ ಬಿಟ್ಟ ಕೂಡ್ಲೆ ಗಾಳಿಗೆ ಮಾರಿ ಮಾಡಿ ನಿಂತಿತು, ಹಾಯಿ ಪಟಪಟ ಬಡ್ಕೊಂತ. ಅವರು ಈಜಿ ಬಂದು ಹತ್ತೂ ತನಾ ನಿಂತಿತ್ತು." ಆಮೇಲೆ ಚಹಾದ ಲೋಟ ತೆಗೆದುಕೊಂಡರು. "ಐಬು ಅಂತನ ಬರಿ. ರಟ್ಟಿ ನೋಯೂದು ಖರೆ."

ನಾನು ಹಾಗೆ ಬರೆಯಲಿಲ್ಲ.

ಚಾಚಾಗೆ ಉರ್ದು ಬಿಟ್ಟರೆ ಬೇರೆ ಓದಲು ಬರುತ್ತಿರಲಿಲ್ಲ. ಅವರು ಹೋದ ಮೇಲೆ ಚೀಟಿ ನೋಡಿದೆ. ಇಷ್ಟೆಲ್ಲ ಬರೆದರೆ ಯಾರು ಕೊಳ್ಳುತ್ತಾರೆ ಅನ್ನಿಸಿತು. ಅವರ ಮೊಣಕಾಲು, ಆ ಕೊಡಗಳು ಕಣ್ಣ ಮುಂದೆ ಬಂದವು. ಬೈಕಿನ ಜಾಹೀರಾತಿನ ಮಾತುಗಳನ್ನೇ ಎತ್ತಿಕೊಂಡೆ: ಉತ್ತಮ ಸ್ಥಿತಿಯಲ್ಲಿದೆ, ಸೋರುವುದಿಲ್ಲ, ನಡೆಸಲು ಸುಲಭ. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಅಂದುಕೊಂಡು ಫೋಟೋ ಸಮೇತ ಫೋನಿನ ಮಾರಾಟದ ಪುಟಕ್ಕೆ ಹಾಕಿದೆ.

ಮೊದಲು ಬಂದವರು ಬಂಕಾಪುರದ ಹತ್ತಿರ ಹೈವೇಯಲ್ಲಿ ಹೋಟೆಲ್ ಇಟ್ಟವರು. ದೋಣಿಯ ಸುತ್ತ ತಿರುಗಿ, ತಟ್ಟಿ ನೋಡಿ, ಖುಷಿಯಾದರು.

"ಹೋಟೆಲ್ ಮುಂದ ಇಡ್ತೇನ್ರಿ ಚಾಚಾ. ಹುಡುಗ್ರು ಒಳಗ ಕುಂತು ಗೋಬಿ ತಿಂತಾರ. ಲೈಟಿನ ಸರ ಬಿಟ್ರ ಮಸ್ತ್ ಕಾಣ್ತೈತಿ."

"ಉಳುವ ಹೋರಿ ಒಯ್ದು, ಕೊಂಬಿಗೆ ಲೈಟ್ ಹಚ್ಚಿ ನಿಲ್ಲಸ್ತೀರೇನ್ರಿ?"

"ಅಲ್ರಿ, ಇಲ್ಲಿ ನಿಂತೂ ಅದೇನು ಮಾಡಾಕತ್ತೈತಿ? ಸಮುದ್ರ ಎಲ್ಲೈತ್ರಿ ಇಲ್ಲಿ?"

"ಸಮುದ್ರ ತನ್ನ ಜಾಗಾದಾಗ ಐತಿ. ಜಾಗಾ ತಪ್ಪಿದ್ದು ಇದು. ತಪ್ಪಿಸಿದವ ನಾನು."

ಅವರು ನಗುತ್ತಲೇ ಹೋದರು. ಆಮೇಲೊಬ್ಬರು ಹಾನಗಲ್ಲಿನ ಆನೆಕೆರೆಗೆ ಬಿಡೋಣ, ಜನ ಟಿಕೆಟ್ ತೆಗೆದು ಕೂರುತ್ತಾರೆ ಅಂದರು. "ಇದು ಹೊಳ್ಳಿ ತಿರುಗೂದರಾಗ ಆ ದಂಡಿ ಬಂದು ಬಡೀತೈತ್ರಿ" ಅಂದರು ಚಾಚಾ. ಹೀಗೆ ವೈಶಾಖ ಬಂತು. ಹಲಗೆಗಳ ಸಂದಿನಲ್ಲಿ ಒಂದು ಕಡೆ ನನ್ನ ಉಗುರು ಹೋಗುವಷ್ಟು ಜಾಗ ಕಾಣಿಸಿತು. ಚಾಚಾ ಅಲ್ಲಿ ಎರಡು ಗೋಣಿಚೀಲ ಹೆಚ್ಚು ಹೊದಿಸಿದರು. ಕೊಡವನ್ನು ಅರ್ಧವೇ ತುಂಬಿ ಎರಡೆರಡು ಸಲ ತರತೊಡಗಿದ್ದರು.

ಆಗ ಕುಮಟಾ ಕಡೆಯಿಂದ ಒಬ್ಬರು ಬಂದರು. ಐವತ್ತರ ಆಸುಪಾಸು, ಮಕ್ಕಳಿಗೆ ಹಾಯಿದೋಣಿ ನಡೆಸಲು ಕಲಿಸುವವರು. ಹೆಚ್ಚು ಮಾತಿಲ್ಲ. ಗೋಣಿಚೀಲ ಸರಿಸಿ, ಬೆರಳ ಗೆಣ್ಣಿನಿಂದ ಹಲಗೆ ತಟ್ಟುತ್ತ ಒಂದು ಸುತ್ತು ಬಂದರು. ಬೆರಳಿಗೆ ಹತ್ತಿದ ನೀರನ್ನು ನಾಲಿಗೆಗೆ ಮುಟ್ಟಿಸಿ, "ಉಪ್ಪು" ಅಂದು ಚಾಚಾನ ಮುಖ ನೋಡಿದರು. ಇಬ್ಬರ ಮುಖದಲ್ಲೂ ಸಣ್ಣ ನಗು ಬಂತು. ದೋಣಿಗೆ ಗಿರಾಕಿ ಸಿಕ್ಕ ಅಂತ ನನಗೂ ಗೊತ್ತಾಯಿತು.

ಚಾಚಾ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಐಬು ಹೇಳಲು ಸುರು ಮಾಡಿದರು. ಮೂರು ದಿನ ನೀರು ಕುಡಿಯುವುದು, ಚುಕ್ಕಾಣಿಯ ಬುಡ, ದಿನಕ್ಕೊಂದು ಬಕೆಟ್ಟು... ಬಂದವರು ಜೇಬಿನಿಂದ ಫೋನು ತೆಗೆದರು.

"ಇಲ್ಲಿ ಸೋರುವುದಿಲ್ಲ ಅಂತ ಬರೆದಿದೆಯಲ್ಲ?"

ನಾನು ದೋಣಿಗೆ ಒರಗಿಸಿದ್ದ ಏಣಿಯ ಪಕ್ಕದಲ್ಲೇ ನಿಂತಿದ್ದೆ. ಚಾಚಾ ನನ್ನ ಕಡೆ ಒಮ್ಮೆ ನೋಡಿದರು. ನಾನು ನೆಲ ನೋಡಿದೆ. ಅಷ್ಟರಲ್ಲೇ ಅವರಿಗೆ ಗೊತ್ತಾಯಿತು.

"ನಾ ಬರ್ಸಿದ್ದು ಹಂಗಲ್ರಿ" ಅಂದರು. ಯಾರು ಬರೆದರು ಎಂದು ಹೇಳಲಿಲ್ಲ.

"ನೀವು ಈಗ ಹೇಳಿದ್ದು ಬೇರೆ, ಬರೆದದ್ದು ಬೇರೆ. ಎರಡರಲ್ಲಿ ಯಾವುದು ಹಿಡಿಯುವುದು? ಮಕ್ಕಳನ್ನು ಕೂರಿಸುವ ದೋಣಿ ಇದು." ಅವರು ಸಿಟ್ಟಾಗಲಿಲ್ಲ. "ಯೋಚನೆ ಮಾಡಿ ಹೇಳುತ್ತೇನೆ" ಎಂದು ಮಧ್ಯಾಹ್ನದ ಬಸ್ಸಿಗೆ ಹೋದರು.

ಚಾಚಾ ಗೋಣಿಚೀಲಗಳನ್ನು ತಿರುಗಿ ಸರಿಮಾಡಿದರು. ನಾನು ಕೊಡ ಎತ್ತಿಕೊಳ್ಳಲು ಹೋದೆ.

"ಬ್ಯಾಡ, ಇರ್ಲಿ" ಅಂದರು. ಆಮೇಲೆ ನನ್ನ ಕಡೆ ನೋಡದೆ, "ನಮ್ಮಪ್ಪ ಮಾರಿದ ಹೋರಿ ಒಂದೂ ವಾಪಸ್ ಬಂದಿದ್ದಿಲ್ಲ, ಬೇಟಾ."

ಎಂಟು ದಿನ ಅವರು ನನ್ನ ಅಂಗಡಿಗೆ ಚಹಾಕ್ಕೆ ಬರಲಿಲ್ಲ. ನಡುವೆ ಒಂದೇ ಗೋಡೆ. ಸೂಜಿ ಒತ್ತುವ ಟಕ್ ಟಕ್ ಸದ್ದು ಕೇಳುತ್ತಿತ್ತು. ಚಹಾದ ಲೋಟ ಕಳಿಸಿದರೆ ಕುಡಿದು, ತೊಳೆದು, ಹೊಸ್ತಿಲ ಮೇಲೆ ಇಡುತ್ತಿದ್ದರು. ಅವರು ಬೈದಿದ್ದರೆ ನಾನೂ ಏನಾದರೂ ಹೇಳಿಕೊಳ್ಳಬಹುದಿತ್ತು...

ಒಂಬತ್ತನೆಯ ದಿನ ಚೀಟಿ, ಪೆನ್ನು ಹಿಡಿದುಕೊಂಡು ಬೇವಿನ ಮರದ ಕೆಳಗೆ ಹೋದೆ. ಚಾಚಾ ನೀರು ಹಾಕುತ್ತಿದ್ದರು. ನಾನು ಟೈರಿನ ಮೇಲೆ ಕುಳಿತು, "ಮೊದ್ಲಿಂದ ಹೇಳ್ರಿ, ಬರ್ಕೊಂತೇನಿ" ಅಂದೆ. ಅವರು ನೀರು ಹಾಕುತ್ತಲೇ ಇದ್ದರು. ನಾನೇ ಸುರು ಮಾಡಿದೆ. "ನೀರಿಗಿಳಿಸಿದ ಮೊದ್ಲ ಎರಡು ದಿನ..."

"ಮೂರು" ಅಂದರು ಚಾಚಾ.

ಹೀಗೆ ಅದು ಬರೆದು ಮುಗಿಯಿತು. ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿಸಿಕೊಂಡರು, ಎರಡು ಕಡೆ ತಿದ್ದಿಸಿದರು. ಸಂಜೆ ನಾನು ಕುಮಟಾದವರಿಗೆ ಫೋನು ಮಾಡಿ, ಮೊದಲಿನದು ನಾನು ಮನಸ್ಸಿಗೆ ಬಂದಂತೆ ಬರೆದದ್ದು, ಅದರಲ್ಲಿ ಚಾಚಾನ ತಪ್ಪಿಲ್ಲ, ಅವರು ಹೇಳಿದ್ದು ಇದು ಎಂದು ಪೂರ್ತಿ ಓದಿದೆ.  

"ಕೈ ಬಿಟ್ಟರೆ ಗಾಳಿಗೆ ಮುಖ ಮಾಡಿ ನಿಲ್ಲುತ್ತದೆ ಅಂದಿರಲ್ಲ, ಆ ಸಾಲು ಇನ್ನೊಮ್ಮೆ ಓದಿ" ಅಂದರು ಆ ಕಡೆಯಿಂದ.

ಮುಂದಿನ ಸೋಮವಾರವೇ ಬಂದರು. ಚಾಚಾ ಟವೆಲ್ ಚಾಚಿದರು. ಕುಮಟಾದವರು ಕೈ ಒರೆಸಿಕೊಳ್ಳಲು ಕೊಟ್ಟದ್ದು ಅಂದುಕೊಂಡು ಕೈ ಒರೆಸಿ, ಮಡಚಿ ವಾಪಸ್ ಕೊಟ್ಟರು. ಹಮಾಲರು ಬಿದ್ದು ಬಿದ್ದು ನಕ್ಕರು. ಕಡೆಗೆ ಟವೆಲ್ಲಿನ ಕೆಳಗೆ ಕೈ ಹಿಡಿಸಿ, ಯಾವ ಬೆರಳಿಗೆ ಎಷ್ಟು ಎಂದು ಚಾಚಾನೇ ಕಲಿಸಿದರು. ಆ ಕಲಿಸುವುದರಲ್ಲೇ ರೇಟು ಎಲ್ಲರಿಗೂ ಕೇಳಿಸಿತು. "ಇಂಥ ಗಿರಾಕಿ ಸಿಕ್ಕಿದ್ರ ನಮ್ಮಪ್ಪ ದಲಾಲಿ ಬಿಟ್ಟು ಮನೀಗೆ ಹೋಗ್ತಿದ್ದ" ಅಂದರು ಚಾಚಾ. ಬಹಳ ದಿನಗಳ ಮೇಲೆ ಅವರು ನಕ್ಕದ್ದನ್ನು ನೋಡಿದೆ.

ಮುಂಗಾರು ತರುವ ಮಿರಗದ ಮಳೆಗೆ ಎರಡು ದಿನ ಮೊದಲು ಲಾರಿ ಬಂತು. ಹಮಾಲರೆಲ್ಲ ಕೈ ಹಚ್ಚಿದರು. ಸಂಡಿಗೆ ಇಡುತ್ತಿದ್ದವರು ಬಂದು ನಿಂತರು. ಅವ್ವ ದೋಣಿಗೆ ಅರಿಶಿನ ಕುಂಕುಮ ಹಚ್ಚಲೇನ್ರಿ ಎಂದು ಕೇಳಿದಳು, ಚಾಚಾ "ಹಚ್ರಿ ಅಕ್ಕಾರ, ನಿಮ್ಮ ಸಂಡಿಗಿ ಹೊತ್ತೈತಿ ಅದು" ಅಂದರು. ಲಾರಿ ಹೊರಡುವ ಮೊದಲು ಚಾಚಾ ಹಾಯಿಗೆ ಕಟ್ಟುವ ಹಗ್ಗಗಳಲ್ಲಿ ಒಂದನ್ನು ಬಿಚ್ಚಿ, ಹೊಸ ಹಗ್ಗ ಕಟ್ಟಿ ಕೊಟ್ಟರು. ಹಳೆಯದನ್ನು ಯಾಕೆ ತೆಗೆದಿರಿ ಎಂದು ಕುಮಟಾದವರು ಕೇಳಿದರು.

"ದನಾ ಕೊಟ್ರೂ ನಾವು ಅದರ ಹಗ್ಗ ಕೊಡೂದಿಲ್ರಿ. ಹಗ್ಗ ಮನ್ಯಾಗ ಉಳೀಬೇಕು."

ಅವರ ಮನೆಯಲ್ಲಿ ಅವರೊಬ್ಬರೇ. ಹೆಂಡತಿ, ನಮ್ಮ ಚಾಚಿ, ತೀರಿಹೋಗಿ ವರ್ಷಗಳಾಗಿದ್ದವು. ಲಾರಿ ತಿರುವಿನಲ್ಲಿ ಮರೆಯಾದ ಮೇಲೆ ಹಗ್ಗವನ್ನು ಸುರುಳಿ ಸುತ್ತಿ, ಅಂಗಡಿಯ ಮುಂದೆ ನಿಂತು, ನನ್ನ ಕೈಯಲ್ಲಿಟ್ಟರು.  ಸ್ಟೂಲಿನ ಮೇಲೆ ಕುಳಿತು ಚಹಾ ಹೇಳಿದರು.

ಮಳೆಗಾಲ ಕಳೆದು ದೀಪಾವಳಿಯ ಹೊತ್ತಿಗೆ ಕುಮಟಾದವರು ನನ್ನ ಫೋನಿಗೆ ವಿಡಿಯೋ ಕಳಿಸಿದರು. ಚಾಚಾ ಕನ್ನಡಕ ಒರೆಸಿಕೊಂಡು ನೋಡಿದರು. ದೋಣಿಗೆ ಹೊಸ ಬಣ್ಣ, ಎರಡೂ ಹಾಯಿ ತುಂಬಿಕೊಂಡು ಒಂದು ಕಡೆ ವಾಲಿ ಹೋಗುತ್ತಿತ್ತು, ಒಳಗೆ ಯಾರೋ ಕಿರಚಿದ ಸದ್ದು. "ಮುಂದಿನ ಹಾಯಿ ಸಡಲ್ ಬಿಟ್ಟಾರ" ಅಂದರು. ನಾಲ್ಕು ಸಲ ಹಾಕಿಸಿ ನೋಡಿದರು. 

ಬನ್ನಿ, ಚುಕ್ಕಾಣಿ ನಿಮ್ಮ ಕೈಗೆ ಕೊಡುತ್ತೇನೆ ಎಂದು ಕುಮಟಾದವರು ಹೇಳಿ ಕಳಿಸಿದ್ದರು. ಶಿರಸಿಗೆ ಹೋಗಿ ಅಲ್ಲಿಂದ ಇಳಿದರೆ ಒಂದು ದಿನದ ದಾರಿ. ಆ ಮೊಣಕಾಲಿನಲ್ಲಿ ಅವರು ಒಬ್ಬರೇ ಹೋಗುವಂತಿರಲಿಲ್ಲ. "ಯಾವಾಗ ಹೋಗೂಣು, ಬೇಟಾ?" ಎಂದು ಎರಡು ಸಲ ಕೇಳಿದರು. ನನಗೆ ರೇಷನ್ ಕಾರ್ಡಿನ ತಿದ್ದುಪಡಿ ಅರ್ಜಿಗಳ ಗದ್ದಲ. ಬಾಗಿಲಿನಾಚೆಯವರೆಗೆ ಜನರ ಪಾಳಿ ಇರುತ್ತಿತ್ತು. "ಇದೊಂದು ಮುಗೀಲಿ ಚಾಚಾ" ಅಂದೆ. ಎರಡನೆಯ ಸಲವೂ ಅದನ್ನೇ ಅಂದೆ. ಮೂರನೆಯ ಸಲ ಅವರು ಕೇಳಲಿಲ್ಲ. ಚಳಿಗಾಲದಲ್ಲಿ ಸವಣೂರಿಗೆ, ತಂಗಿಯ ಮನೆಗೆ ಹೋದವರು ಅಲ್ಲೇ ತೀರಿಕೊಂಡರು. ನನಗೆ ಸುದ್ದಿ ಬಂದದ್ದು ಮಣ್ಣು ಮುಗಿದ ಮರುದಿನ. ಆ ದಿನವೂ ಅಂಗಡಿಯ ಮುಂದೆ ಪಾಳಿ ಇತ್ತು...

ಅವರ ಅಂಗಡಿಯಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ಬೇವಿನ ಮರದ ಕೆಳಗೆ ಟೈರುಗಳಿದ್ದ ಕಡೆ ಹುಲ್ಲು ಬರುವುದಿಲ್ಲ. ಉಪ್ಪು ಅಷ್ಟು ಇಳಿದಿದೆ.

ಕಳೆದ ವಾರ ಕುಮಟಾದವರ ಫೋನು ಬಂತು. ಅವರಿಗೂ ಬೆನ್ನುನೋವು, ದೊಡ್ಡ ದೋಣಿ ಸಂಭಾಳಿಸಲು ಆಗುತ್ತಿಲ್ಲ, ಮಾರುತ್ತಿದ್ದಾರೆ. ತಾವೇ ಬರೆಯಲು ಕುಳಿತರಂತೆ, ಸರಿಹೋಗಲಿಲ್ಲವಂತೆ. "ನೀವು ಅಂದು ಓದಿದ ಕಾಗದ ಇದೆಯಾ?" ಎಂದು ಕೇಳಿದರು. ಅದನ್ನು ಹುಡುಕುವಾಗಲೇ ಈ ಹಗ್ಗ ಸಿಕ್ಕಿದ್ದು. ಕಾಗದ ಅದರ ಕೆಳಗೇ ಇತ್ತು, ಮಡಿಕೆಯಲ್ಲಿ ಹರಿದಿತ್ತು. ಚುಕ್ಕಾಣಿಯ ಬುಡ ಈಗ ಸೋರುವುದಿಲ್ಲವೇ ಎಂದು ಕೇಳಿದೆ. ಸೋರುತ್ತದೆ, ದಿನಕ್ಕೊಂದು ಬಕೆಟ್ಟು, ಅಂದರು. ಹಾಗಾದರೆ ಏನೂ ಬದಲಿಸಬೇಕಾಗಿಲ್ಲ.

ನಿನ್ನೆ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅದನ್ನು ಹೊಸದಾಗಿ ಟೈಪು ಮಾಡಿದೆ. ಐಬು ಮೊದಲು, ಗುಣ ಆಮೇಲೆ. ರಟ್ಟೆ ನೋಯುವುದನ್ನು ಐಬುಗಳಲ್ಲೇ ಇಟ್ಟೆ. ಕಡೆಗೆ ಒಂದು ಸಾಲು ಮಾತ್ರ ನನ್ನದು: ಈ ದೋಣಿಯ ಒಂದು ಹಗ್ಗ ಅಕ್ಕಿಆಲೂರಿನಲ್ಲಿದೆ, ಅದು ಮಾರಾಟಕ್ಕಿಲ್ಲ. ಕಳಿಸುವ ಮೊದಲು ಚಾಚಾ ಕೂರುತ್ತಿದ್ದ ಸ್ಟೂಲಿನ ಕಡೆ ತಿರುಗಿ ಗಟ್ಟಿಯಾಗಿ ಓದತೊಡಗಿದೆ. "ನೀರಿಗಿಳಿಸಿದ ಮೊದಲ ಮೂರು ದಿನ" ಎಂದು ಸರಿಯಾಗಿಯೇ ಓದಿದೆ. ಆದರೂ ಅಲ್ಲಿ ಸ್ವಲ್ಪ ಹೊತ್ತು ನಿಂತೆ.